ಸ್ಪಷ್ಟನೆ: ಕವಳೆ ಮನೆಯಂಗಳದಲ್ಲೂ ಕಾಯಿ ಬಿಡುತ್ತದೆ

ಕವಳೆ (ಕೆಲವೆಡೆ ಕರಂಡೆ) ಎಂಬ ಹುಳಿಕಾಯಿಯ ಮುಳ್ಳುಗಿಡ ಕಾಡಿನಲ್ಲಷ್ಟೇ ಫಲ ಕೊಡುತ್ತದೆ, ಅಂಗಳದಲ್ಲಿ ನೆಟ್ಟರೆ ಬರೀ ಮುಳ್ಳು ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಕಾಯಿ ಕಟ್ಟದಿರಲು ಸಾಮಾನ್ಯ ಕಾರಣ ನಮ್ಮ ಅತಿಯಾದ ಆರೈಕೆ. ನೆರಳು, ದಿನವೂ ನೀರು, ಯೂರಿಯಾ ಸಿಕ್ಕರೆ ಎಲೆಯಷ್ಟೇ ಸೊಕ್ಕುತ್ತದೆ. ನೀರು ನಿಂತರಂತೂ ಬೇರು ಕೊಳೆಯುತ್ತದೆ.

ಇಡೀ ದಿನ ಬಿಸಿಲು ಬೀಳುವ, ನೀರು ಬಸಿಯುವ ಜಾಗ ಆರಿಸಿ. ಒಂದೂವರೆ ಅಡಿ ಗುಂಡಿ, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಸಾಕು. ಬೇಲಿಗಾದರೆ 3 ಅಡಿ ಅಂತರ, ಬಿಡಿ ಗಿಡಕ್ಕೆ 6 ಅಡಿ.

ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಮಾಗಿದ ಹಣ್ಣಿನ ತಿರುಳು ತೊಳೆದು ಕೂಡಲೇ ಬಿತ್ತಿ. ಹೂ ಬಿಡುವ ಮುನ್ನ ರೆಂಬೆ ಸವರಿದರೆ ಆ ವರ್ಷದ ಫಸಲು ಹೋದಂತೆ. ಹಣ್ಣು ಮುಗಿದ ಮೇಲಷ್ಟೇ ಕತ್ತರಿಸಿ. ಬೀಜದ ಗಿಡ ಫಲ ಕೊಡಲು ಎರಡು-ಮೂರು ವರ್ಷ ಬೇಕು, ಅಷ್ಟರೊಳಗೆ ದಯವಿಟ್ಟು ಕಿತ್ತೆಸೆಯಬೇಡಿ.