ಅತ್ತೆ ಮಾತಾಡಿದರೆ ಬೆಳಕು

ಕಾರಿನೊಳಗೆ ಬಣ್ಣದ ಬೆಳಕು ಬೇಕೆಂದು ಭಾವನಿಗೆ ಹೊಳೆದದ್ದು ಮಗಳ ಮದುವೆಯ ಹೇಳಿಕೆ, ಅಂದರೆ ಮನೆಮನೆಗೆ ಹೋಗಿ ಕರೆಯುವ ಕೆಲಸ, ಸುರುವಾಗುವ ಹೊತ್ತಿಗೆ. ಡ್ಯಾಶ್‌ಬೋರ್ಡಿನ ಕೆಳಗೆ, ಸೀಟಿನಡಿಗೆ, ಬಾಗಿಲಿನ ಅಂಚಿಗೆ ಎಲ್‌ಇಡಿ ಪಟ್ಟಿ ಅಂಟಿಸಿ, ಪಿನ್ನನ್ನು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿ, ಫೋನಿಗೊಂದು ಆ್ಯಪ್ ಹಾಕಿಕೊಂಡ. ಕೆಂಪು, ಹಸಿರು, ನೀಲಿ ಮೂರನ್ನೂ 256 ಮೆಟ್ಟಿಲುಗಳಲ್ಲಿ ಬೆರೆಸಿದರೆ 1.67 ಕೋಟಿ ಬಣ್ಣವಾಗುತ್ತದಂತೆ. ಲೆಕ್ಕ ಸರಿಯೇ. ಆದರೆ ಕಾಸರಗೋಡಿನ ಬದಿಯಡ್ಕದಿಂದ ಕುಂಬಳೆಗೆ ಹೋಗುವಷ್ಟರಲ್ಲಿ ಅಷ್ಟನ್ನೂ ತೋರಿಸಿಯೇ ಸಿದ್ಧ ಎಂದು ಹೊರಟವನ ಪಕ್ಕ ಕೂರುವುದು ಕಷ್ಟ.

ಮೊದಲು ಕೆಂಪು. ಹೇಳಿಕೆಯ ಪಟ್ಟಿ ಅತ್ತೆಯ ಕೈಯಲ್ಲಿತ್ತು, ಬರೆದದ್ದು ಕೆಂಪು ಪೆನ್ನಿನಲ್ಲಿ. ಕೆಂಪು ಬೆಳಕಿಗೆ ಬಿಳಿ ಕಾಗದವೂ ಕೆಂಪು, ಶಾಯಿಯೂ ಕೆಂಪು. ನೆಂಟರಿಷ್ಟರೆಲ್ಲ ಒಂದೇ ಕ್ಷಣದಲ್ಲಿ ಮಾಯ! ಭಾವ ಗಡಿಬಿಡಿಯಿಂದ ನೀಲಿಗೆ ತಿರುಗಿಸಿದ. ಅಕ್ಷರ ಬಂತು. ಆದರೆ ನೀಲಿಯಲ್ಲಿ ಹಳದಿ ಕಪ್ಪಾಗಿ ಕಾಣುತ್ತದೆ ನೋಡಿ, ಅರಸಿನ ಹಚ್ಚಿದ ಮದುವೆ ಕಾಗದದ ನಾಲ್ಕು ಮೂಲೆಯೂ ಕರ್ರಗಾಯಿತು.

“ಇದೆಂತ ಮಾರಾಯ, ಮದುವೆಯದ್ದಾ, ಬೊಜ್ಜದ್ದಾ?” ಎಂದರು ಅತ್ತೆ. ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ.

ನೀಲಿಯ ತಕರಾರು ಅಷ್ಟಕ್ಕೇ ಮುಗಿಯುವುದಿಲ್ಲ. ಒಳಗೆ ಬೆಳಕು ಜೋರಾದರೆ ಎದುರಿನ ಗಾಜಿನಲ್ಲಿ ರಸ್ತೆಯ ಬದಲು ನಮ್ಮ ಮುಖವೇ ಕಾಣುತ್ತದೆ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತು–ಮೂವತ್ತು ನಿಮಿಷ ಬೇಕು, ಕೆಡಲು ಒಂದು ಗಳಿಗೆ ಸಾಕು, ಕೆಡಿಸುವುದರಲ್ಲಿ ನೀಲಿ ಎತ್ತಿದ ಕೈ. ಮಂದವಾದ ಕೆಂಪೋ ಕಿತ್ತಳೆಯೋ ವಾಸಿ. ಇದನ್ನೆಲ್ಲ ಭಾವನಿಗೆ ಹೇಳಿದೆ. “ಮಂದ ಬೇಕಾದರೆ ಚಿಮಿಣಿ ದೀಪ ಇಟ್ಟುಕೊಳ್ಳುತ್ತಿದ್ದೆ” ಎಂದ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಗೆ ಹೋಗುವಾಗ ಚೆಂಡೆ ಇಲ್ಲದೆ ಹೇಗೆ? ಯಕ್ಷಗಾನದ ರೆಕಾರ್ಡಿಂಗ್ ಹಾಕಿ, ಬೆಳಕನ್ನು ‘ಮ್ಯೂಸಿಕ್’ಗೆ ತಿರುಗಿಸಿದ. ಬೆಳಕಿನ ಪಟ್ಟಿಯನ್ನು ನಡೆಸುವ ಪೆಟ್ಟಿಗೆಯೊಳಗೊಂದು ಪುಟ್ಟ ಮೈಕ್ ಇರುತ್ತದೆ, ಸದ್ದು ಏರಿದಂತೆ ಬೆಳಕೂ ಏರುತ್ತದೆ. ಚೆಂಡೆಗೂ ಅತ್ತೆಗೂ ವ್ಯತ್ಯಾಸ ಅದಕ್ಕೆ ತಿಳಿಯದು. ಪದ್ಯ ಮುಗಿದದ್ದೇ ಅತ್ತೆ ಮಾತು ಸುರು ಮಾಡಿದರು. ಅಡಿಕೆ ರೇಟಿಗೆ ಹಸಿರು, ಅಡುಗೆ ಭಟ್ಟರಿಗೆ ನೇರಳೆ, ತವರಿನ ತೋಟದ ಪಾಲಿಗೆ ಬಂದಾಗಲಂತೂ ಇಡೀ ಕಾರು ಧಗಧಗ. ಹಿಂದಿನ ಮೂಲೆಯಲ್ಲಿದ್ದ ಮಾವ “ಹ್ಞೂಂ” ಅಂದರೆ ಒಂದು ಮಿಣುಕು, ಮತ್ತೆ ಕತ್ತಲೆ. ನಲವತ್ತು ವರ್ಷದ ಸಂಸಾರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಯಂತ್ರ ಬೇರೆ ಇರಲಿಕ್ಕಿಲ್ಲ.

ಕುಂಬಳೆಯ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ಟೂರಿಸ್ಟ್ ಬಸ್ಸುಗಳಿಗೇ 2022ರಲ್ಲಿ ಬಿಳಿ ಬಣ್ಣ ಕಡ್ಡಾಯ ಮಾಡಿದ ರಾಜ್ಯ ನಮ್ಮ ಕೇರಳ, ಈ ಜಾತ್ರೆಯನ್ನು ಬಿಟ್ಟಾರೆಯೇ?

“ಇದೆಂದಾಣ್?” ಇದೇನು ಎಂದು ಮಲಯಾಳದಲ್ಲಿ ಕೇಳಿದರು ಪೊಲೀಸರು. ಕಾರು ಫಳ್ಳೆಂದು ಹಸಿರಾಯಿತು. ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದು, “ಆಫ್ ಆಕ್ಕ್!”, ಆಫ್ ಮಾಡು ಎಂದು ಗದರಿದರು. ಕಡುಗೆಂಪು. ಅತ್ತೆ ಸುಮ್ಮನಿರಬಾರದೇ? “ಮದುವೆಗೆ ಹೇಳಿಕೆ ಸಾರ್, ಮದುವೆಗೆ!” ಎಂದು ಗಟ್ಟಿಯಾಗಿ ತುಳುವಿನಲ್ಲಿ ವಿವರಿಸತೊಡಗಿದರು. ಇಬ್ಬರೂ ಸ್ವರ ಏರಿಸಿದಷ್ಟು ಬಣ್ಣ ಏರಿತು. ಭಾವ ಆ್ಯಪ್ ತೆರೆಯಹೋದರೆ ಫೋನ್ ಚಾರ್ಜಿಲ್ಲದೆ ಸತ್ತಿತ್ತು. ಚಾರ್ಜರ್ ಸಿಕ್ಕಿಸಬೇಕಾದ ತೂತಿನಲ್ಲಿ ಬೆಳಕಿನ ಪಿನ್ನು ಕೂತಿತ್ತಲ್ಲ!

ಮಾವ ಏನೂ ಹೇಳದೆ ಎರಡು ಸೀಟಿನ ನಡುವಿನಿಂದ ಬಗ್ಗಿ ಆ ಪಿನ್ನನ್ನು ಕಿತ್ತರು.

ಪೊಲೀಸರು ನಕ್ಕು ಕೈ ಬೀಸಿದರು. ಕಾರು ಹೊರಟಿತು. ಅತ್ತೆ ಕವಳದ ಚೀಲದಿಂದ ಟಾರ್ಚ್ ತೆಗೆದು ಪಟ್ಟಿಯ ಮೇಲೆ ಹಿಡಿದು, “ನಿಲ್ಲಿಸು ನಿಲ್ಲಿಸು, ಎರಡು ಮನೆ ಹಿಂದೆ ಹೋಯಿತು” ಎಂದರು.