ನಾಲಿಗೆಗೆ ಎರಡು ಕೆಲಸ

ಬಾರಿನೊಳಗೆ ಗಂಭೀರ ಮುಖ ಹೊತ್ತು ಹೋಗುವವರು ಎರಡೇ ಬಗೆ. ಕೊಟ್ಟ ಸಾಲ ವಸೂಲು ಮಾಡಲು ಹೋಗುವವರು ಒಂದು, ಸಣ್ಣ ತಯಾರಕರ ಕ್ರಾಫ್ಟ್ ಬಿಯರಿನ ಟೇಸ್ಟಿಂಗ್‌ಗೆ ಹೋಗುವವರು ಇನ್ನೊಂದು. ಸಾಲ ಕೊಡುವಷ್ಟು ಯೋಗ್ಯತೆ ನನಗಿಲ್ಲ, ಹಾಗಾಗಿ ಎರಡನೆಯ ಗುಂಪಿನಲ್ಲಿದ್ದೇನೆ. ಮಿಕ್ಕ ದಿನಗಳಲ್ಲಿ ಅದೇ ಬಾರು, ಅದೇ ಮೇಜು, ಅದೇ ಮಂದಿ. ಲೋಟ ಕೈಗೆ ಬಂದದ್ದೇ ತಡ, ಬಾಯಿಗೆ ಹೋಗುತ್ತದೆ. ಟೇಸ್ಟಿಂಗ್ ಸಂಜೆ ಹಾಗಲ್ಲ. ಬೆನ್ನು ನೆಟ್ಟಗಾಗುತ್ತದೆ, ದನಿ ತಗ್ಗುತ್ತದೆ, ಫೋನು ತೆಗೆದು ಟಿಪ್ಪಣಿ ಮಾಡಿಕೊಳ್ಳುವವರು ಕಾಣಿಸಿಕೊಳ್ಳುತ್ತಾರೆ. ಪರೀಕ್ಷೆಯ ಹಾಲ್‌ನಲ್ಲಿ ಬಿಯರ್ ಹಂಚಿದರೆ ಹೇಗಿರಬಹುದೋ ಹಾಗೆ.

ಮೊದಲು ಬರುವುದು ಹಲಗೆ. ಸಾಲಾಗಿ ಕುಳಿ ಕೊರೆದ ಮರದ ತುಂಡು, ಅದರಲ್ಲಿ ನಾಲ್ಕೋ ಐದೋ ಪುಟ್ಟ ಗಾಜಿನ ಲೋಟ, ಒಂದೊಂದರಲ್ಲಿ 100ರಿಂದ 150 ಮಿಲಿ. ಇದಕ್ಕೆ ಫ್ಲೈಟ್ ಅನ್ನುತ್ತಾರೆ. ಎಡತುದಿಯದು ಒಣಹುಲ್ಲಿನ ಬಣ್ಣ, ಬಲಕ್ಕೆ ಹೋದಂತೆ ಹೊನ್ನು, ತಾಮ್ರ, ಕೊನೆಗೆ ಡಾಂಬರು. ಎಡದಿಂದ ಬಲಕ್ಕೆ ಕುಡಿಯುತ್ತ ಹೋಗಬೇಕು, ಹಗುರದಿಂದ ಭಾರಕ್ಕೆ, ಸೌಮ್ಯದಿಂದ ಕಹಿಗೆ. ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ ನಾಲಿಗೆಗೆ ಒಮ್ಮೆ ಅಂಟಿತೆಂದರೆ ಬೇಗ ಬಿಡುವುದಿಲ್ಲ. ಅದರ ಬೆನ್ನಿಗೇ ತೆಳು ಬಿಯರು ಕುಡಿದರೆ ನೀರು ಕುಡಿದ ಹಾಗೇ. ಎಷ್ಟು ಸಲ ಹೇಳಿದರೂ ಪ್ರತಿ ಟೇಸ್ಟಿಂಗ್‌ನಲ್ಲಿ ಒಬ್ಬರಾದರೂ ನೆಟ್ಟಗೆ ಬಲತುದಿಗೇ ಕೈ ಹಾಕುತ್ತಾರೆ. ಕಪ್ಪಗಿರುವುದೇ ಗಟ್ಟಿ ಎಂದು ಅವರ ನಂಬಿಕೆ. ಕಪ್ಪು ಬರುವುದು ಹುರಿದ ಮಾಲ್ಟಿನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ, ಇಲ್ಲವೇ ಹುರಿದ ಬಾರ್ಲಿಯಿಂದ. ಅಮಲಿಗೂ ಅದಕ್ಕೂ ನೆಂಟಸ್ತನವಿಲ್ಲ. ಕರ್ರಗೆ ಹೆದರಿಸುವ ಗಿನ್ನೆಸ್ ಡ್ರಾಟ್‌ನಲ್ಲಿ ಆಲ್ಕೋಹಾಲ್ ಶೇ. 4.2. ತಿಳಿ ಹೊಂಬಣ್ಣದ, ನೋಡಲು ಪರಮ ಸಾಧುವಾದ ಬೆಲ್ಜಿಯಮ್ಮಿನ ಡುವೆಲ್‌ನಲ್ಲಿ ಶೇ. 8.5.

ಬಿಯರ್ ತಯಾರಿಸಿದವರೋ ಬಾರಿನ ಕಡೆಯವರೋ ಎದುರು ನಿಂತು ವಿಧಿ ಹೇಳಿಕೊಡುತ್ತಾರೆ. ಬೆಳಕಿಗೆ ಹಿಡಿಯಿರಿ, ಲೋಟ ತುಸು ತಿರುಗಿಸಿ, ಮೂಗು ಒಳಗಿಟ್ಟು ಮೂಸಿ, ಪುಟ್ಟ ಗುಟುಕು ಬಾಯಲ್ಲಿ ಆಡಿಸಿ, ನುಂಗಿ. ವೈನಿನ ಪಂಡಿತರು ಸವಿದು ಉಗುಳುತ್ತಾರೆ. ಬಿಯರಿನವರು ಸಾಮಾನ್ಯವಾಗಿ ನುಂಗಿಯೇ ಬಿಡುತ್ತಾರೆ. ಇಳಿದ ಮೇಲೆ ಉಳಿಯುವ ಕಹಿಯೂ ಲೆಕ್ಕಕ್ಕೆ ಬರುತ್ತದೆ ಎಂಬುದು ಅವರ ವಾದ. ಶಾಸ್ತ್ರವೊಂದು ಇಷ್ಟು ಒಳ್ಳೆಯ ಮನಸ್ಸಿನಿಂದ ನಡೆದುಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಲ್ಲಿಯವರೆಗೆ ಎಲ್ಲ ಸುಖ. ಆಮೇಲೆ ಬರುತ್ತದೆ ಪ್ರಶ್ನೆ: "ಹೇಳಿ, ಏನೇನು ರುಚಿ ಸಿಕ್ತು?"

ನಾಲಿಗೆಯ ಪಾಡು ಶುರುವಾಗುವುದು ಇಲ್ಲಿಂದ. ದೇವರು ಒಂದು ತುಂಡು ಮಾಂಸಕ್ಕೆ ಎರಡು ಕೆಲಸ ಹಚ್ಚಿಬಿಟ್ಟಿದ್ದಾನೆ, ಸವಿಯುವುದೂ ಅದೇ, ಮಾತಾಡುವುದೂ ಅದೇ. ಬೇರೆ ಹೊತ್ತಿನಲ್ಲಿ ಒಂದು ಮುಗಿದ ಮೇಲೆ ಇನ್ನೊಂದು. ಟೇಸ್ಟಿಂಗ್‌ನಲ್ಲಿ ಮಾತ್ರ ಗುಟುಕು ಗಂಟಲಿಗಿಳಿಯುವ ಮೊದಲೇ ವರದಿ ಒಪ್ಪಿಸಬೇಕು. ಯಾರೂ ಬಾಯಿ ಬಿಡುವುದಿಲ್ಲ. ಎಲ್ಲರ ಕಣ್ಣೂ ಲೋಟದ ತಳದಲ್ಲಿ. ನನಗಂತೂ ಆಗ ಗೊತ್ತಿದ್ದ ಹಣ್ಣುಹಂಪಲಿನ ಹೆಸರೆಲ್ಲ ಮರೆತುಹೋಗುತ್ತದೆ. "ಬಿಯರಿನ ರುಚಿ ಸಿಕ್ತು" ಎನ್ನುವ ಧೈರ್ಯ ಸಾಲದೆ, ಇನ್ನೊಂದು ಗುಟುಕು ಕುಡಿದು ಯೋಚಿಸುವವನಂತೆ ಸೂರು ನೋಡುತ್ತೇನೆ. ಅಷ್ಟರಲ್ಲಿ ಮೂಲೆಯಿಂದ ಯಾರೋ "ಮಾವಿನಹಣ್ಣು" ಅನ್ನುತ್ತಾರೆ. ಮುಗಿಯಿತು. ಮೇಜಿನ ಸುತ್ತ ಕೂತವರೆಲ್ಲ ಮತ್ತೊಮ್ಮೆ ಲೋಟಕ್ಕೆ ಮೂಗು ಇಡುತ್ತಾರೆ, ಎಲ್ಲರಿಗೂ ಮಾವು ಸಿಗುತ್ತದೆ. ತುಸು ಧೈರ್ಯ ಉಳ್ಳವರಿಗೆ ಮಾವಿನ ಸಿಪ್ಪೆ ಸಿಗುತ್ತದೆ. ಎಲ್ಲದರಲ್ಲೂ ಒಂದು ಕೈ ಮೇಲಿರುವವರು ಒಬ್ಬರಿರುತ್ತಾರಲ್ಲ, ಅವರಿಗೆ ಇನ್ನೂ ಪೂರ್ತಿ ಹಣ್ಣಾಗದ, ಸೊನೆ ಆರದ ಮಾವು ಸಿಗುತ್ತದೆ. ಮೂಲೆಯವರು ಅನಾನಸ್ ಅಂದಿದ್ದರೆ ಇಷ್ಟೂ ಮಂದಿ ಅನಾನಸ್ ತೋಟದಲ್ಲಿ ಅಲೆಯುತ್ತಿದ್ದೆವು.

ಇದನ್ನು ಸೋಗು ಎಂದು ತಳ್ಳಿಹಾಕುವ ಹಾಗಿಲ್ಲ. ಹೇಳಿಕೊಟ್ಟ ಮೇಲೆ ಮಾವು ನಿಜಕ್ಕೂ ಸಿಗುತ್ತದೆ. ಫ್ರಾನ್ಸಿನ ಬೋರ್ಡೋ ಊರಿನಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಯ ಮೇಲೆ ನಡೆಸಿದ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಅವರ ಮುಂದಿಟ್ಟರು. ಅವರು ಮೂಸಿ ನೋಡಿ, ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಅದಕ್ಕೂ ಹೇಳಿದರು. ಕಣ್ಣು ಹೇಳಿದ್ದನ್ನು ಮೂಗು ನಂಬಿತು. ಓದಿ ಕಲಿತವರ ಮೂಗೇ ಹೀಗಾದರೆ, ಆಫೀಸು ಮುಗಿಸಿ ನೇರ ಬಾರಿಗೆ ಬಂದ ನಮ್ಮ ಮೂಗಿನ ಮೇಲೆ ಯಾರು ತಪ್ಪು ಹೊರಿಸಿಯಾರು?

ಹಾಗೆಂದು ಎಲ್ಲವೂ ಗಾಳಿಮಾತಲ್ಲ. ಜರ್ಮನಿಯ ಗೋಧಿ ಬಿಯರು ಹೆಫೆವೈಜನ್ ಬಂದಾಗ "ಬಾಳೆಹಣ್ಣು!" ಎಂದು ಖುಷಿಯಿಂದ ಕೂಗುವವರು ಇರುತ್ತಾರೆ. ಪಕ್ಕದವರು ಮುಸಿಮುಸಿ ನಗುತ್ತಾರೆ. ನಗಬಾರದು. ಆ ಬಿಯರಿನ ಯೀಸ್ಟು ಹುದುಗುವಾಗ ಐಸೋಅಮೈಲ್ ಅಸಿಟೇಟ್ ಎಂಬುದನ್ನು ಹುಟ್ಟಿಸುತ್ತದೆ. ಹಣ್ಣಾದ ಬಾಳೆಗೆ ಅದರ ಘಮ ಕೊಡುವುದೂ ಇದೇ ವಸ್ತು. "ಲವಂಗ" ಎಂದವರೂ ಗೆದ್ದರು, ಅದೇ ಯೀಸ್ಟು 4-ವಿನೈಲ್ ಗ್ವಾಯಕಾಲ್ ಅನ್ನೂ ಮಾಡಿಡುತ್ತದೆ. ಕಡಾಯಿಗೆ ಯಾರೂ ಬಾಳೆ ಸುಲಿದು ಹಾಕಿಲ್ಲ, ಲವಂಗ ಕುಟ್ಟಿ ಹಾಕಿಲ್ಲ. ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್. ತಣ್ಣಗೆ ಹುದುಗಿಸುವ ಲಾಗರ್ ಬಿಯರಿನಲ್ಲಿ ಇದು ಗುಣವಲ್ಲ, ದೋಷ. ಬೆಣ್ಣೆ ಎಂದು ಹೊಗಳಿದವರ ಮುಖವನ್ನು ಬಿಯರ್ ಮಾಡಿದವರು ನೋಡುವ ನೋಟವೇ ಬೇರೆ.

ಇನ್ನು ಸ್ಕಂಕ್. ಬೆಳಕು ತಾಗಿದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ಒಂದು ನಾತ ಹುಟ್ಟುತ್ತದೆ. ಬಿಯರನ್ನು ಕಂದು ಬಾಟಲಿಗೆ ತುಂಬುವುದು ಇದನ್ನು ತಡೆಯಲೆಂದೇ. ಹಸಿರು ಬಾಟಲಿ ನೋಡಲು ಚೆಂದ, ಕಾವಲಿಗೆ ದಂಡ. ಆ ನಾತ ಸ್ಕಂಕ್ ಎಂಬ ಪ್ರಾಣಿ ಸಿಟ್ಟಿಗೆದ್ದು ಬಿಡುವ ವಾಸನೆಗೆ ಬಹಳ ಹತ್ತಿರ. ಸ್ಕಂಕನ್ನು ಚಿತ್ರದಲ್ಲಷ್ಟೇ ನೋಡಿದವರೂ ಮೂಗು ಮುರಿದು "ಸ್ಕಂಕಿ" ಎಂದು ತೀರ್ಪು ಕೊಡುವ ಠೀವಿ ನೋಡಬೇಕು. ಕುದುರೆಯ ಬೆನ್ನ ಮೇಲಿನ ಕಂಬಳಿಯದು ಇದಕ್ಕೆ ತದ್ವಿರುದ್ಧ ಕಥೆ. ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಎಂಬ ಬಿಯರಿಗೆ ಕುದಿಸಿದ ರಸವನ್ನು ರಾತ್ರಿಯಿಡೀ ತೆರೆದ ಅಗಲ ತೊಟ್ಟಿಯಲ್ಲಿ ಆರಲು ಬಿಡುತ್ತಾರೆ. ಗಾಳಿಯಲ್ಲಿರುವ, ಪೀಪಾಯಿಯ ಮರದಲ್ಲಿರುವ ಕಾಡು ಯೀಸ್ಟುಗಳೇ ಬಂದು ಹುದುಗಿಸಬೇಕು. ಅವುಗಳಲ್ಲಿ ಬ್ರೆಟಾನೊಮೈಸಿಸ್ ಎಂಬುದು ಕೊಡುವ ವಾಸನೆಗೆ ಬಲ್ಲವರು ಇಟ್ಟ ಹೆಸರು ಕುದುರೆ ಕಂಬಳಿ. ಅದು ಬೈಗುಳವಲ್ಲ, ಶಹಬ್ಬಾಸ್‌ಗಿರಿ. ನಾನಿಲ್ಲಿ ಬಲ್ಲವರ ಪಕ್ಷ. ಮಾವು, ಅನಾನಸ್ ಎಂಬ ಮಾತೆಲ್ಲ ತುಸು ಹಬೆಯಾಡಿದರೂ ಕಂಬಳಿ ಮಾತ್ರ ಖಚಿತ. ಮಳೆಯಲ್ಲಿ ನೆಂದು ಅರೆಬರೆ ಒಣಗಿದ ಕಂಬಳಿ ಹೊದ್ದವರಿಗೆ ಒಂದೇ ಗುಟುಕು ಸಾಕು.

ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ ಸರದಿ ಬಂದರೆ ಹರಿಕಥೆ ಶುರು. ಇಂಗ್ಲೆಂಡಿನಿಂದ ಭಾರತಕ್ಕೆ ತಿಂಗಳುಗಟ್ಟಲೆ ಹಡಗಿನ ಪಯಣ, ದಾರಿಯಲ್ಲಿ ಬಿಯರು ಕೆಡುತ್ತಿತ್ತು, ಯಾರೋ ಜಾಣ ಹಾಪ್ಸ್ ಸುರಿದು ಈ ಬಿಯರನ್ನು ಕಂಡುಹಿಡಿದ, ಗೋರಾ ಸಿಪಾಯಿಗಳ ದಾಹ ತೀರಿತು. ಹಾಪ್ಸ್ ಬಿಯರನ್ನು ಕೆಡದಂತೆ ಕಾಯುತ್ತದೆಂಬುದು ನಿಜ, ಕಹಿ ಹೆಚ್ಚಿದ ಪೇಲ್ ಏಲ್ ಹಡಗೇರಿ ಬಂದದ್ದೂ ನಿಜ. ಆದರೆ ಕಪ್ಪು ಪೋರ್ಟರ್ ಬಿಯರೂ ಅದೇ ಸಮುದ್ರ ದಾಟಿ ಬರುತ್ತಿತ್ತು, ಕೆಡದೆಯೇ; ಒಬ್ಬ ಜಾಣ ಒಂದು ದಿನ ಕಂಡುಹಿಡಿದ ಎಂಬುದು ಕಥೆಯ ರುಚಿಗೆ ಹಾಕಿದ ಒಗ್ಗರಣೆ. ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್ ಊರಿನ ಬಾವಿ ನೀರಿನಲ್ಲಿ ಜಿಪ್ಸಮ್ ಹೇರಳ, ಅದು ಹಾಪ್ಸಿನ ಕಹಿಯನ್ನು ಚುರುಕಾಗಿಸುತ್ತದೆ. ಆ ಊರು ಈ ಬಿಯರಿಗೆ ಹೆಸರಾದದ್ದರ ಹಿಂದೆ ಜಾಣರಿಗಿಂತ ನೀರಿನ ಪಾಲು ದೊಡ್ಡದು. ಟೇಸ್ಟಿಂಗ್‌ನಲ್ಲಿ ಇದನ್ನು ಹೇಳಲು ಹೋಗಬೇಡಿ. ಹಡಗಿನ ಕಥೆ ಕೇಳುತ್ತ ಕುಡಿದರೆ ಐಪಿಎ ಇನ್ನಷ್ಟು ಚೆನ್ನಾಗಿರುತ್ತದೆ.

ಬಿಯರಿನ ಮೇಲೆ ಇಷ್ಟು ಮಾತು ಹಳೆಯ ಕಾಲದಿಂದ ಇದ್ದದ್ದೇನಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಂಥ ದೊಡ್ಡ ದೇಶದಲ್ಲಿ ಉಳಿದಿದ್ದ ಬಿಯರ್ ಕಂಪನಿಗಳು ನೂರಕ್ಕಿಂತ ಕಡಿಮೆ, ಬಹುಪಾಲು ಎಲ್ಲವೂ ಮಾಡುತ್ತಿದ್ದದ್ದು ಒಂದೇ ತರಹದ ತೆಳು ಲಾಗರ್. ಹೇಳಲು ಏನಾದರೂ ಇದ್ದರಲ್ಲವೇ ಹೇಳುವುದು? ಫ್ರಿಟ್ಜ್ ಮೇಟ್ಯಾಗ್ 1965ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮುಳುಗುತ್ತಿದ್ದ ಆಂಕರ್ ಬ್ರೂವರಿಗೆ ಕೈ ಹಾಕಿದ. 1976ರಲ್ಲಿ ಜ್ಯಾಕ್ ಮೆಕಾಲಿಫ್ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ತೆರೆದ. ಆರೇ ವರ್ಷದಲ್ಲಿ ಅದು ಮುಚ್ಚಿತಾದರೂ ನೋಡಿದವರಿಗೆ ಹುಚ್ಚು ಹತ್ತಿತ್ತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದಕ್ಕಿದ್ದ ಅಡ್ಡಿ ತೆಗೆಯುವ ಕಾನೂನಿಗೆ ಸಹಿ ಹಾಕಿದ. ಗ್ಯಾರೇಜುಗಳಲ್ಲಿ ಹಂಡೆ ಏರಿತು. ಈಗ ಅಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿವೆ. ಅಷ್ಟೂ ಮಂದಿ ತಮ್ಮದು ಬೇರೆ ಎಂದು ತೋರಿಸಿಕೊಳ್ಳಬೇಕಲ್ಲ. ಅದಕ್ಕೇ ಬಿಯರುಗಳಿಗೆ ಪ್ರಾಣಿ, ಸಿಟ್ಟು, ಸಾವು ಮೂರನ್ನೂ ಬೆರೆಸಿದ ಹೆಸರುಗಳು, ಅದಕ್ಕೇ ಹಣ್ಣಿನಂಗಡಿಯ ಪಟ್ಟಿಯಂಥ ಲೇಬಲ್ಲುಗಳು.

ನಾಲ್ಕು ಚಿಕ್ಕ ಲೋಟ ಸವಿದು ಒಂದು ಬಿಯರಿನ ಬಗ್ಗೆ ಎಷ್ಟು ಖಚಿತವಾಗಿ ಹೇಳಬಹುದು? ಈ ಪ್ರಶ್ನೆಗೆ ಬಹಳ ಹತ್ತಿರದ ಪ್ರಶ್ನೆಯನ್ನು ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯಲ್ಲಿ ವಿಲಿಯಂ ಗಾಸೆಟ್ ಎಂಬಾತ ತಲೆಗೆ ಹಚ್ಚಿಕೊಂಡಿದ್ದ. ಬಾರ್ಲಿ, ಹಾಪ್ಸ್ ಪರೀಕ್ಷಿಸಲು ಸಿಗುತ್ತಿದ್ದ ಮಾದರಿಗಳು ಕೆಲವೇ ಕೆಲವು. ಅಷ್ಟರಿಂದ ನಂಬುವಂಥ ತೀರ್ಮಾನಕ್ಕೆ ಬರುವ ಲೆಕ್ಕವನ್ನು 1908ರಲ್ಲಿ "ಸ್ಟೂಡೆಂಟ್" ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ. ಸಂಖ್ಯಾಶಾಸ್ತ್ರ ಓದಿದವರ ನಿದ್ದೆಗೆಡಿಸುವ ಟಿ-ಟೆಸ್ಟ್ ಹುಟ್ಟಿದ್ದು ಹೀಗೆ. ಬಿಯರ್ ಕಂಪನಿಗಳು ಇವತ್ತಿಗೂ ನಾಲಿಗೆಯನ್ನು ಸುಮ್ಮನೆ ನಂಬುವುದಿಲ್ಲ. ಮೂರು ಲೋಟ ಇಡುತ್ತಾರೆ, ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಬೇರೆ. ಬೇರೆಯದು ಯಾವುದು ಹೇಳಿ, ಅಷ್ಟೇ. ಮಾವೂ ಬೇಡ, ಕಂಬಳಿಯೂ ಬೇಡ. ಕಣ್ಣು ಮುಚ್ಚಿ ಬೆರಳಿಟ್ಟರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಬಹಳ ಜನರನ್ನು ಕೂರಿಸಿ ಲೆಕ್ಕ ಹಾಕುತ್ತಾರೆ.

ಕೆಲವು ಟೇಸ್ಟಿಂಗ್‌ಗಳಲ್ಲಿ ಇದನ್ನೇ ಆಟವಾಗಿ ಆಡಿಸುವುದುಂಟು. ಬಹಳ ಖುಷಿ ಕೊಡುವ ಆಟ. ಸೊನೆ ಆರದ ಮಾವು ಕಂಡವರು ಮೂರನ್ನೂ ಎರಡೆರಡು ಸಲ ಸವಿದು, ತಲೆ ಕೊಡವಿ, "ಲೋಟ ಸರಿಯಾಗಿ ತೊಳೆದಿಲ್ಲ" ಎಂದು ದೂರುತ್ತಾರೆ. ಯಾರದೋ ಜೊತೆಗೆ ಬಂದು, ಸಂಜೆಯೆಲ್ಲ ತುಟಿ ಬಿಚ್ಚದೆ ಕೂತಿದ್ದ ಹೆಂಗಸೊಬ್ಬರು ನಡುವಿನ ಲೋಟವನ್ನು ಮುಂದೆ ತಳ್ಳಿ "ಇದು" ಅನ್ನುತ್ತಾರೆ. ಸರಿ ಉತ್ತರ. ಹೇಗೆ ಗೊತ್ತಾಯಿತು ಎಂದು ಎಲ್ಲರೂ ಮುಗಿಬೀಳುತ್ತಾರೆ. "ಬೇರೆ ಥರ ಇತ್ತು." ಅಷ್ಟೇ ವ್ಯಾಖ್ಯಾನ.

ಹಲಗೆಯ ಕೊನೆಯ ಕರಿ ಲೋಟದ ಹೊತ್ತಿಗೆ ಮಾತು ಸಡಿಲಾಗಿರುತ್ತದೆ. ಇಲ್ಲಿ ನಿಧಾನದವರಿಗೆ ಲಾಭವಿದೆ. ತಣ್ಣಗಿದ್ದಷ್ಟೂ ಘಮ ಏಳುವುದಿಲ್ಲ. ಸ್ಟೌಟ್ ಎಂಬ ಆ ಕರಿ ಬಿಯರನ್ನು ಅರ್ಧ ಕುಡಿದು ಅದನ್ನು ಮರೆತು ಹರಟಿದರೆ, ಲೋಟ ಬೆಚ್ಚಗಾಗುತ್ತ ಮೊದಲು ಇಲ್ಲದ ಕಾಫಿ, ಕೋಕೋ ಒಂದೊಂದಾಗಿ ಮೇಲೇಳುತ್ತವೆ. ಪುಟ್ಟ ಲೋಟ ಎಂಬ ಧೈರ್ಯವೂ ಅಷ್ಟು ಒಳ್ಳೆಯದಲ್ಲ. 120 ಮಿಲಿಯ ಐದು ಲೋಟ ಸೇರಿದರೆ 600 ಮಿಲಿ. ಬ್ರಿಟನ್ನಿನ ಪೈಂಟ್ ಇರುವುದೇ 568. ಅದರಲ್ಲಿ ಎರಡು ಡುವೆಲ್ ಜಾತಿಯವಾದರೆ ಗಾಡಿಯ ಕೀಲಿ ಮನೆಯಲ್ಲೇ ಇರುವುದು ವಾಸಿ.

ಆಮೇಲೆ ಬಾರಿನವರು ಕೇಳುತ್ತಾರೆ: ಇಷ್ಟವಾದದ್ದು ಒಂದು ಪೂರ್ತಿ ಗ್ಲಾಸು ತರಲೇ? ಸಂಜೆಯಿಡೀ ಐಪಿಎಯಲ್ಲಿ ಹಣ್ಣಿನ ತೋಟ ಕಂಡವರು, ಲ್ಯಾಂಬಿಕ್ಕಿನ ಕಂಬಳಿಗೆ ಶಹಬ್ಬಾಸ್ ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಬ್ಬರು ಸಣ್ಣ ದನಿಯಲ್ಲಿ "ಆ ಮೊದಲನೇದು" ಅನ್ನುತ್ತಾರೆ. "ನನಗೂ." "ನನಗೂ ಅದೇ." ಎಡತುದಿಯ ಒಣಹುಲ್ಲಿನ ಬಣ್ಣದ ಪಿಲ್ಸ್ನರ್, ಸರದಿಯಲ್ಲಿ ಮೊದಲಿದ್ದದ್ದರಿಂದ ಯಾರೂ ಅದರ ಬಗ್ಗೆ ಏನೂ ಹೇಳಿರಲಿಲ್ಲ. 1842ರಲ್ಲಿ ಇಂದಿನ ಚೆಕ್ ದೇಶದ ಪಿಲ್ಸೆನ್ ಊರಿನ ಜನ ಸ್ಥಳೀಯ ಬಿಯರಿಗೆ ಬೇಸತ್ತು, ಬವೇರಿಯಾದ ಯೋಸೆಫ್ ಗ್ರೋಲ್ ಎಂಬಾತನನ್ನು ಕರೆಸಿ ಮಾಡಿಸಿಕೊಂಡ ತಿಳಿಯಾದ ಬಿಯರಿನ ವಂಶ ಅದು. ಹುರಿದ ಮಾಲ್ಟಿನ ಕಪ್ಪಾಗಲಿ ರಾಶಿ ಹಾಪ್ಸಾಗಲಿ ಇಲ್ಲದ್ದರಿಂದ, ತಯಾರಿಯಲ್ಲಿ ಚೂರು ತಪ್ಪಿದರೂ ಮುಚ್ಚಿಡಲು ಜಾಗವಿಲ್ಲ. ಮಾಡುವವರಿಗೆ ಅದೇ ಕಷ್ಟದ್ದು, ಕುಡಿಯುವವರಿಗೆ ಅದೇ ಸಲೀಸು.

ದೊಡ್ಡ ಗ್ಲಾಸುಗಳು ಬರುತ್ತವೆ. ಯಾರೂ ಬೆಳಕಿಗೆ ಹಿಡಿಯುವುದಿಲ್ಲ, ಯಾರೂ ಮೂಸುವುದಿಲ್ಲ. ಒಬ್ಬರು ಮಗನ ಗಣಿತದ ಮಾರ್ಕ್ಸು ಎತ್ತುತ್ತಾರೆ, ಇನ್ನೊಬ್ಬರು ವರ್ಗವಾಗಿ ಹೋದ ಮ್ಯಾನೇಜರನ್ನು ಹಿಡಿದುಕೊಳ್ಳುತ್ತಾರೆ. ಮ್ಯಾನೇಜರ್ ತಾವಾಗಿ ಕೇಳಿಕೊಂಡು ಹೋದರೇ, ಮೇಲಿನವರು ಕಳಿಸಿದರೇ ಎಂಬುದರ ಮೇಲೆ ಮೇಜು ಎರಡು ಪಕ್ಷವಾಗಿ ಒಡೆದು, ಬಾರಿನವರು ಬಂದು ಕುರ್ಚಿ ಎತ್ತಿಡುವವರೆಗೂ ವಾದ ನಡೆಯುತ್ತದೆ.