ಕಳವಲ್ಲ ಸಾರ್, ಕಳೆದುಹೋಗಿದ್ದು

ಮೊಬೈಲ್ ಹೋಯಿತು. ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿನಲ್ಲಿ. ಆ ಬಸ್ಸು ಹತ್ತಿದವರಿಗೆ ಗೊತ್ತು, ಜೇಬಿನಲ್ಲಿರೋ ಕೈ ನಮ್ಮದೋ ಪಕ್ಕದವರದೋ ಅಂತ ಬಗ್ಗಿ ನೋಡೋಕೂ ಜಾಗ ಇರುವುದಿಲ್ಲ. ಇಳಿದ ಮೇಲೆ ಮುಟ್ಟಿ ನೋಡಿಕೊಂಡೆ. ಜೇಬು ಮಾತ್ರ ಇತ್ತು.

ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ಸ್ಟೇಷನ್ ರೈಟರ್ ಓದಿದರು. ಒಳ್ಳೆಯ ಮನುಷ್ಯ, ಕೂರಿ ಅಂತಲೂ ಹೇಳಿದರು.

“ಕಳವಾಗಿದೆ ಅಂತ ಯಾಕೆ ಬರೆದ್ರಿ ಸಾರ್? ಕಳೆದುಹೋಗಿದೆ ಅಂತ ಬರೀರಿ.”

“ಕಳೆದುಹೋಗಿಲ್ಲ. ಯಾರೋ ಎತ್ತಿದ್ದಾರೆ.”

“ಎತ್ತಿದ್ದನ್ನ ನೋಡಿದ್ರಾ?”

“ನೋಡಿದ್ದರೆ ಸುಮ್ನೆ ಬಿಡ್ತಿದ್ನಾ?”

“ನೋಡಿಲ್ಲ ಅಂದಮೇಲೆ ಕಳೆದುಹೋಗಿದೆ ಅಂತಲೇ ಅಲ್ವಾ ಅರ್ಥ? ಪೆನ್ ಕೊಡಿ ಇಲ್ಲಿ.”

ನನ್ನ ಪೆನ್ನು ತಗೊಂಡು ನನ್ನ ಪದವನ್ನೇ ಹೊಡೆದುಹಾಕಿದರು. ನೀಟಾಗಿ, ಎರಡು ಗೆರೆ.

ನಿಮಗೂ ಆಗಿರುತ್ತೆ ಬಿಡಿ. ಹೊಸದೇನಲ್ಲ. ಕಳವು ಅಂದರೆ ಎಫ್‌ಐಆರ್ ಹಾಕಬೇಕು. ಹಾಕಿದರೆ ಲೆಕ್ಕಕ್ಕೆ ಬರುತ್ತೆ. ಲೆಕ್ಕಕ್ಕೆ ಬಂದರೆ ಸಾಹೇಬರು ಮೀಟಿಂಗಿನಲ್ಲಿ ‘ಪತ್ತೆ ಎಷ್ಟಾಯ್ತು’ ಅಂತ ಕೇಳುತ್ತಾರೆ. ಕಳೆದುಹೋಗಿದ್ದಕ್ಕೆ ಇದ್ಯಾವುದೂ ಇಲ್ಲ. ಕಳೆದವನು ನಾನೇ, ತಪ್ಪೂ ನಂದೇ. ಒಂದು ಪದ ತಿದ್ದಿದ್ದಕ್ಕೆ ನನ್ನ ಏರಿಯಾದಲ್ಲಿ ಅಪರಾಧ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಇಷ್ಟು ಅಗ್ಗದ ಕಾನೂನು ಸುವ್ಯವಸ್ಥೆ ಬೇರೆಲ್ಲಿ ಸಿಗುತ್ತೆ ಹೇಳಿ?

ರೈಟರ್ ಮೇಲೆ ಸಿಟ್ಟಾಗುವುದು ತಪ್ಪು. ಇದು ಅವರು ಕಂಡುಹಿಡಿದ ವಿದ್ಯೆಯಲ್ಲ. ಬ್ರಿಟಿಷರು ಬಿಟ್ಟುಹೋದ ಬೀರುವಿನಲ್ಲಿ ಬೀಗದ ಕೈ ಸಮೇತ ಸಿಕ್ಕಿದ್ದು.

ಶ್ರೀರಂಗಪಟ್ಟಣವನ್ನೇ ತಗೊಳ್ಳಿ. 1799ರ ಮೇ 4ರಂದು ಕೋಟೆ ಬಿತ್ತು. ಆ ರಾತ್ರಿ ಕಂಪನಿ ಸೈನಿಕರು ಸಿಕ್ಕಿದ ಮನೆಗೆಲ್ಲ ನುಗ್ಗಿದರು. ಮರುದಿನ ಆರ್ಥರ್ ವೆಲ್ಲೆಸ್ಲಿ ಬಂದು ಕೆಲವರನ್ನು ನೇಣಿಗೆ ಹಾಕಿಸಿದ, ಇನ್ನು ಕೆಲವರಿಗೆ ಚಾಟಿ ಬೀಸಿಸಿದ. ಲೂಟಿ ನಿಂತಿತು. ಆಮೇಲೆ ಕಮಿಟಿ ಕೂತಿತು. ಟಿಪ್ಪುವಿನ ಖಜಾನೆ, ಒಡವೆ, ಬಟ್ಟೆ ಎಲ್ಲ ಎಣಿಸಿದರು. ಚಿನ್ನದ ಸಿಂಹಾಸನವನ್ನು ಹಂಚೋಕೆ ಸುಲಭವಾಗಲಿ ಅಂತ ತುಂಡು ಮಾಡಿದರು. ಇದಕ್ಕೆ ಅವರಿಟ್ಟ ಹೆಸರು ಲೂಟಿ ಅಲ್ಲ, ಪ್ರೈಜ್! ನಮ್ಮಲ್ಲಿ ಪ್ರೈಜ್ ಅಂದರೆ ಶಾಲಾ ವಾರ್ಷಿಕೋತ್ಸವದಲ್ಲಿ ಕೊಡೋ ಸ್ಟೀಲ್ ಲೋಟ. ಕಂಪನಿ ಸೇನೆಯ ದಂಡನಾಯಕ ಜನರಲ್ ಹ್ಯಾರಿಸ್‌ಗೆ ಬಂದ ಪ್ರೈಜು 1 ಲಕ್ಷ 40 ಸಾವಿರ ಪೌಂಡಿಗೂ ಜಾಸ್ತಿ. ಸಿಪಾಯಿಗೆ ಬಂದಿದ್ದು ಒಂದಂಕಿಯ ಪೌಂಡು. ಹ್ಯಾರಿಸ್ ತನ್ನ ಪಾಲಿಗಿಂತ ಹೆಚ್ಚು ಎತ್ತಿದ ಅಂತ ಕಂಪನಿಯವರೇ ತಕರಾರು ತೆಗೆದರು. ಅದು ಲಂಡನ್ನಿನ ದೊಡ್ಡ ಕೋರ್ಟು, ಪ್ರಿವಿ ಕೌನ್ಸಿಲ್ ತನಕ ಹೋಗಿ, ಜನರಲ್ ಸಾಹೇಬರೇ ಗೆದ್ದರು. ಒಬ್ಬೊಬ್ಬರೇ ಕೈ ಹಾಕಿದರೆ ನೇಣು, ರಸೀದಿ ಬರೆದು ಹಂಚಿಕೊಂಡರೆ ಬಹುಮಾನ. ಗುತ್ತಿಗೆ ಬಿಲ್ಲು ನೋಡಿ ಅಭ್ಯಾಸ ಇರೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂವತ್ತೈದು ವರ್ಷ ಬಿಟ್ಟು, 1834ರಲ್ಲಿ ಅದೇ ಊರು ನೋಡಿಕೊಂಡು ಮೆಕಾಲೆ ಊಟಿಗೆ ಹೋದ. ಗುಮಾಸ್ತರನ್ನು ಹುಟ್ಟಿಸಿದ ಅಂತ ನಾವು ಬಯ್ಯೋದು ಇವನನ್ನೇ. ಆದರೆ ಬಯ್ಯೋರು ಯಾರೂ ಅವನ ಎತ್ತಿನ ಸುದ್ದಿ ಎತ್ತುವುದಿಲ್ಲ. 1837ರಲ್ಲಿ ಅವನು ದಂಡ ಸಂಹಿತೆಯ, ಅಂದರೆ ಐಪಿಸಿಯ, ಕರಡು ಬರೆದ. 1860ರಲ್ಲಿ ಅದು ಕಾಯ್ದೆಯಾಯಿತು, 1862ರ ಜನವರಿ 1ರಿಂದ ಜಾರಿಗೆ ಬಂತು. ಅದರ 378ನೇ ಕಲಮು ಕಳವಿನದು. ಕೆಳಗೆ ಉದಾಹರಣೆಗಳಿವೆ. ಒಂದರಲ್ಲಿ ‘ಎ’ ಅನ್ನೋನು ದಾರಿಯಲ್ಲಿ ಹೋಗುತ್ತಿರುವಾಗ ನಿಧಿಪೆಟ್ಟಿಗೆ ಹೊತ್ತ ಎತ್ತೊಂದು ಎದುರಾಗುತ್ತೆ. ಹೊಡೆದುಕೊಳ್ಳೋ ಉದ್ದೇಶದಿಂದ ಅದನ್ನು ತನಗೆ ಬೇಕಾದ ಕಡೆ ಅಟ್ಟುತ್ತಾನೆ. ಎತ್ತು ಹೆಜ್ಜೆ ಕಿತ್ತ ಕ್ಷಣವೇ ಕಳವು ಆಯಿತು.

ನಿಮ್ಮಲ್ಲಿ ಎಷ್ಟು ಜನಕ್ಕೆ ನಿಧಿ ಹೊತ್ತ ಎತ್ತು ಎದುರಾಗಿದೆ? ನನಗೆ ಬಿಡಾಡಿ ದನ ಬೇಕಾದಷ್ಟು ಎದುರಾಗಿವೆ, ಒಂದರ ಬೆನ್ನಮೇಲೂ ಪೆಟ್ಟಿಗೆ ಇರಲಿಲ್ಲ. ಇನ್ನೊಂದು ಉದಾಹರಣೆಯಲ್ಲಿ ‘ಎ’ ಜೇಬಿನಲ್ಲಿ ನಾಯಿಗೆ ಆಸೆ ಹುಟ್ಟಿಸೋ ತಿಂಡಿ ಇಟ್ಟುಕೊಂಡು ‘ಝಡ್’ ಅನ್ನೋನ ನಾಯಿ ತನ್ನ ಹಿಂದೆ ಬರುವಂತೆ ಮಾಡುತ್ತಾನೆ. ಈ ‘ಎ’ಗೆ ಬೇರೆ ಉದ್ಯೋಗವೇ ಇಲ್ಲ, ಪಾಪ. ಕಾಯ್ದೆಯ ಹೆಸರು ಬದಲಾಗಿ 2024ರ ಜುಲೈ 1ರಿಂದ ನ್ಯಾಯ ಸಂಹಿತೆ ಬಂತಲ್ಲ, ವಸಾಹತು ಗುಲಾಮಗಿರಿಯ ಕುರುಹು ಅಳಿಸಿದ್ದೇವೆ ಅಂತ ಭಾಷಣವೂ ಆಯಿತಲ್ಲ? 303ನೇ ಕಲಮು ತೆಗೆದು ನೋಡಿ. ಅದೇ ಎತ್ತು, ಅದೇ ಪೆಟ್ಟಿಗೆ. ಮೆಕಾಲೆ ಹೋದರೂ ಅವನ ಎತ್ತು ನಡೀತಾನೇ ಇದೆ.

ಆ ಕಲಮಿನ ನಿಜವಾದ ಸೊಗಸು ವಿವರಣೆಯಲ್ಲಿದೆ. ಕಳವಾಗಬೇಕಾದರೆ ಅದು ಚರ ಸ್ವತ್ತಾಗಿರಬೇಕು. ನೆಲಕ್ಕೆ ಅಂಟಿಕೊಂಡಿರೋ ತನಕ ಯಾವುದನ್ನೂ ಕದ್ದ ಹಾಗೆ ಆಗಲ್ಲ, ನೆಲವನ್ನಂತೂ ಕದಿಯೋಕೆ ಬರೋದೇ ಇಲ್ಲ. ನಿಮ್ಮ ತೋಟದ ಮರ ಕಡಿದರೆ ಕಳ್ಳ, ತೋಟವನ್ನೇ ನುಂಗಿದರೆ ಅಲ್ಲ. ಇದು ಇಂಗ್ಲೆಂಡಿನ ಹಳೇ ಕಾನೂನಿನಿಂದ ಬಂದ ಮಾತು, ನಮಗೋಸ್ಕರ ಹೊಸದಾಗಿ ಹೊಸೆದದ್ದಲ್ಲ. ಆದರೂ ಒಂದಿಡೀ ದೇಶದ ನೆಲದ ಮೇಲೆ ಕೂತುಕೊಂಡು ಆ ಸಾಲು ಬರೆಯುವಾಗ ಕೈ ಒಂಚೂರೂ ನಡುಗಲಿಲ್ಲವಲ್ಲ, ಅದಕ್ಕೆ ಭೇಷ್ ಅನ್ನಬೇಕು. ಸರ್ಕಾರಿ ನೆಲ ನುಂಗಿದವರನ್ನು ಹಿಡಿಯೋಕೆ ನಮ್ಮ ರಾಜ್ಯ 2011ರಲ್ಲಿ ಭೂಕಬಳಿಕೆ ಅಂತ ಬೇರೆಯದೇ ಕಾಯ್ದೆ ಮಾಡಿಕೊಂಡಿತು. ‘ಕಬಳಿಕೆ’ ಅನ್ನೋ ಪದ ಗಮನಿಸಿ. ಕೋಳಿ ಎತ್ತಿದವನು ಕದಿಯುತ್ತಾನೆ, ಕೆರೆ ಎತ್ತಿದವರು ಕಬಳಿಸುತ್ತಾರೆ. ಊಟಕ್ಕೆ ಕೂತವರ ಹಾಗೆ, ಮರ್ಯಾದೆಯಾಗಿ.

1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾದಿಟ್ಟ ಕಾಡಿನಲ್ಲಿ ಪರವಾನಗಿ ಇಲ್ಲದೆ ಸೌದೆ ತಂದರೂ ಅಪರಾಧವಾಯಿತು. ಉತ್ತರ ಕನ್ನಡದವರಿಗೆ ಇದನ್ನು ಹೇಳೋದೇ ಬೇಡ. ಅಜ್ಜನ ಕಾಲದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸುತ್ತಿದ್ದವರು ರಾತ್ರಿ ಬೆಳಗಾಗೋದರೊಳಗೆ ಕಳ್ಳರಾದರು. ಅದೇ ಕಾಡಿನ ತೇಗ ಸರ್ಕಾರದ ಮುದ್ರೆ ಹೊತ್ತು ಬಂದರಿಗೆ ಇಳಿದರೆ ಅದು ವರಮಾನ.

ಇನ್ನು ಪೊಲೀಸರು. ಮೊದಲು ಕಂದಾಯವೂ ಕಳ್ಳರೂ ಒಂದೇ ಕೈಲಿದ್ದವು. ಬಳ್ಳಾರಿ, ಕೆನರಾ ಎಲ್ಲ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. ತಹಸೀಲ್ದಾರನೇ ತೆರಿಗೆ ಎತ್ತಬೇಕು, ಅವನೇ ಕಳ್ಳನನ್ನು ಹಿಡಿಯಬೇಕು. ಎರಡಕ್ಕೂ ಉಪಾಯ ಒಂದೇ: ಬೆರಳು ಹಿಂಡುವುದು, ತಲೆ ಬಗ್ಗಿಸಿ ಕಾಲಿಗೆ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು. 1855ರಲ್ಲಿ ಇದರ ಮೇಲೆ ಆಯೋಗ ಕೂತು, ಹೌದು, ಹಿಂಸೆ ನಡೆಯುತ್ತಿದೆ ಅಂತ ಒಪ್ಪಿಕೊಂಡಿತು. ದೊರೆಗಳದ್ದು ಏನೂ ತಪ್ಪಿಲ್ಲ, ಎಲ್ಲ ಕೆಳಗಿನ ನೇಟಿವ್ ನೌಕರರದ್ದು ಅಂತಲೂ ಸೇರಿಸಿತು. ಹೊಡೆದವನು ನೇಟಿವ್, ಹೊಡೆಸಿಕೊಂಡವನು ನೇಟಿವ್, ವಸೂಲಾದ ದುಡ್ಡು ಮಾತ್ರ ಇಂಗ್ಲಿಷು.

1857ರ ದಂಗೆಯ ಹೆದರಿಕೆ ಆರುವ ಮೊದಲೇ, 1861ರಲ್ಲಿ ಪೊಲೀಸ್ ಕಾಯ್ದೆ ಬಂತು. ಮಾದರಿ ಐರ್ಲೆಂಡಿನದು. ಐರಿಷ್ ಜನರನ್ನು ಅದುಮಿಟ್ಟಿದ್ದ ಪಡೆಯದು, ಲಂಡನ್ನಿನ ಬೀದಿ ಕಾಯೋ ಪೊಲೀಸಿನದಲ್ಲ. ಅದೇ 1861ರಲ್ಲಿ ಕ್ರಿಮಿನಲ್ ಪ್ರೊಸೀಜರ್ ಕೋಡೂ ಬಂತು. ಅದರಲ್ಲೊಂದು ಕಲಮು: ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಸಾಕ್ಷಿ ಅಂತ ಬಳಸೋ ಹಾಗಿಲ್ಲ. ಒಂದೇ ವರ್ಷದಲ್ಲಿ ಪೊಲೀಸರನ್ನು ಹೆತ್ತು, ಅದೇ ವರ್ಷ ‘ಇವನ ಮಾತು ನಂಬಬೇಡಿ’ ಅಂತ ಊರಿಗೆಲ್ಲ ಡಂಗುರ ಸಾರಿದ ಅಪ್ಪ! 1872ರ ಸಾಕ್ಷ್ಯ ಕಾಯ್ದೆಗೂ ಆ ಮಾತು ಬಂತು, ಈಗಿನ ಹೊಸ ಸಾಕ್ಷ್ಯ ಕಾಯ್ದೆಯ 23ನೇ ಕಲಮಿನಲ್ಲೂ ಇದೆ. ನೂರ ಅರವತ್ತು ವರ್ಷ ಆಯಿತು, ಅಪ್ಪನಿಗೆ ಮಗನ ಮೇಲೆ ನಂಬಿಕೆ ಬಂದಿಲ್ಲ. ಮಗನೂ ನಂಬಿಸೋಕೆ ಅಂಥ ಗಡಿಬಿಡಿಯೇನೂ ಮಾಡಿಲ್ಲ ಅನ್ನಿ.

ಹೊಡೆದು ಬಾಯಿ ಬಿಡಿಸಿದ್ದನ್ನು ಕೋರ್ಟು ಒಪ್ಪಲ್ಲ ಅಂದಮೇಲೆ ಬೆರಳನ್ನೇ ಮಾತಾಡಿಸೋಣ ಅಂತ ಹೊರಟರು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಸಾವಿರಾರು ಅಚ್ಚುಗಳಲ್ಲಿ ಬೇಕಾದ್ದು ಥಟ್ಟನೆ ಸಿಗೋ ಹಾಗೆ ವಿಂಗಡಿಸೋ ಲೆಕ್ಕ ಕಟ್ಟುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರು ಇನ್ಸ್‌ಪೆಕ್ಟರುಗಳ ಕೈ ದೊಡ್ಡದು. ಆ ಪದ್ಧತಿಗೆ ಬಂದ ಹೆಸರು ‘ಹೆನ್ರಿ ಪದ್ಧತಿ’, ಅವರ ಮೇಲಿನ ಸಾಹೇಬರದ್ದು. ಎಡ್ವರ್ಡ್ ಹೆನ್ರಿ ಆಮೇಲೆ ಲಂಡನ್ ಪೊಲೀಸ್ ಕಮಿಷನರೂ ಆದರು. ಇದನ್ನು ಕಳವು ಅನ್ನಬೇಡಿ. ಇನ್ನೊಬ್ಬರ ಹೆಸರು ಚರ ಸ್ವತ್ತಲ್ಲ.

ಆ ಹೊಸ ವಿದ್ಯೆ ನಮ್ಮಲ್ಲಿ ಮೊದಲು ಕೋರ್ಟು ಹತ್ತಿದ್ದು ಬಂಗಾಳದ ಜಲ್ಪೈಗುರಿಯ ಕೊಲೆ ಕೇಸಿನಲ್ಲಿ. ಟೀ ತೋಟದ ಮ್ಯಾನೇಜರನ್ನು ಕೊಂದು ದುಡ್ಡು ದೋಚಿದ್ದರು. ಅಲ್ಲಿ ಸಿಕ್ಕ ಪಂಚಾಂಗದ ಮೇಲೊಂದು ಹೆಬ್ಬೆರಳ ಗುರುತು. ಅದು ಅವನ ಹಳೇ ಆಳು ಕಾಂಗಾಲಿ ಚರಣನದು ಅಂತ ತಾಳೆಯಾಯಿತು. 1898ರಲ್ಲಿ ತೀರ್ಪು ಬಂತು: ಕಳವು ಸಾಬೀತು, ಕೊಲೆ ಇಲ್ಲ. ಬೆರಳು ಅಲ್ಲಿತ್ತು ನಿಜ, ಕೊಂದದ್ದನ್ನು ಯಾರೂ ನೋಡಿಲ್ಲವಲ್ಲ! ನಮ್ಮ ರೈಟರ್ ಆ ಕಾಲದಲ್ಲಿದ್ದಿದ್ದರೆ ಇನ್ನೂ ಸುಲಭ ಮಾಡುತ್ತಿದ್ದರು, ಮ್ಯಾನೇಜರ್ ಕಳೆದುಹೋಗಿದ್ದಾರೆ ಅಂತ.

ಸರಿ, ಠಾಣೆಗೆ ವಾಪಸ್ ಬರೋಣ. ನನ್ನ ಮುಖ ಸಪ್ಪಗಾದದ್ದು ನೋಡಿ ರೈಟರ್ ಕರಗಿದರು. ದನಿ ತಗ್ಗಿಸಿದರು.

“ಬೈಪಾಸ್ ಹತ್ರ ಟೆಂಟ್ ಹಾಕ್ಕೊಂಡಿದ್ದಾರಲ್ಲ ಸಾರ್, ಅವರದೇ ಕೆಲಸ. ಸಂಜೆ ಇಬ್ಬರನ್ನ ಎತ್ತಾಕ್ಕೊಂಡು ಬಂದ್ರೆ ಗೊತ್ತಾಗುತ್ತೆ.”

“ಕಳವೇ ಆಗಿಲ್ಲ ಅಂದಿರಲ್ಲ?”

“ಅದು ರೆಕಾರ್ಡಿಗೆ ಸಾರ್.”

ಬೇಡ, ಯಾರನ್ನೂ ಕರೆತರಬೇಡಿ ಅಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಆ ಹೊತ್ತಿಗೆ ನನಗೆ ನಗು ನಿಂತಿತ್ತು. ಕಳವು ಇಲ್ಲ, ಕಳ್ಳರು ಮಾತ್ರ ರೆಡಿ. ಇದನ್ನು ಕಾಯ್ದೆ ಮಾಡಿದ್ದು 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಂತ. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ ಆಗೋ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗಬೇಕು ಅನ್ನೋ ವಾದ. ಹಾಗಂತ ನಂಬಿದವರು ದಡ್ಡರಲ್ಲ, ದೊಡ್ಡ ದೊಡ್ಡ ವಕೀಲರು. ಸರ್ಕಾರ ಒಂದು ಸಮುದಾಯದ ಹೆಸರು ಗೆಜೆಟ್ಟಿನಲ್ಲಿ ಹಾಕಿದರೆ ಮುಗಿಯಿತು, ಅದು ಸರಿಯೇ ಅಂತ ಯಾವ ಕೋರ್ಟೂ ಕೇಳುವಂತಿಲ್ಲ. ಹೆಸರು ರಿಜಿಸ್ಟರಿಗೆ, ಹಾಜರಿ ಠಾಣೆಗೆ, ಊರು ಬಿಡಬೇಕಾದರೆ ಪಾಸು. 1897ರ ತಿದ್ದುಪಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಇಡೋಕೂ ಅಧಿಕಾರ ಬಂತು. ಅದೇ 1871ರ ಕಾಯ್ದೆಯ ಇನ್ನೊಂದು ಭಾಗ ಹಿಜಡಾಗಳದು, ಅವರಿಗೂ ಒಂದು ರಿಜಿಸ್ಟರ್.

ಮೊದಲು ಉತ್ತರ ಭಾರತದಲ್ಲಿ ಜಾರಿಯಾದದ್ದು 1911ರ ಹೊತ್ತಿಗೆ ಮದ್ರಾಸಿಗೂ ಬಂತು. ಸಿಕ್ಕಿಬಿದ್ದವರು ಯಾರು? ಕೊರಚರು, ಕೊರಮರು. ಇವರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ನಡೆದು ಮಾರಿದವರು. ಉಪ್ಪು ಸರ್ಕಾರದ ಹಿಡಿತಕ್ಕೆ ಹೋಯಿತು, ರೈಲು ಬಂತು, ಹೇರೆತ್ತಿಗೆ ಕೆಲಸ ಇಲ್ಲದಾಯಿತು. ನಿಜವಾಗಿ ಬೆನ್ನಮೇಲೆ ಸರಕಿದ್ದ ಎತ್ತುಗಳೆಲ್ಲ ಹೋದವು, ಅವರ ದುಡಿಮೆಯೂ ಹೋಯಿತು. ಅದಕ್ಕೆ ಯಾವ ಕಲಮಿನಡಿಯಲ್ಲೂ ಯಾರೂ ದೂರು ತಗೊಳ್ಳಲಿಲ್ಲ. ಕೊನೆಗೆ ‘ಇವರಿಗೆ ದುಡಿಮೆಯೇ ಇಲ್ಲ, ಹಾಗಾದರೆ ಕಳ್ಳರೇ ಇರಬೇಕು’ ಅಂತ ಬರೆದುಕೊಂಡರು. ಹುಬ್ಬಳ್ಳಿಯಲ್ಲಿ ಆಟೋದವರಿಗೆ ‘ಸೆಟ್ಲಮೆಂಟ್’ ಅಂದರೆ ಇವತ್ತಿಗೂ ದಾರಿ ಗೊತ್ತು. ಆ ಹೆಸರು ಬಂದಿದ್ದು ಹಾಗೆ ಬೇಲಿಯೊಳಗೆ ಕೂಡಿಟ್ಟ ಜನರಿಂದ.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಸತ್ತಿತು. ಸಂತೋಷ. ಅದರ ಜಾಗಕ್ಕೆ ರಾಜ್ಯಗಳು ‘ರೂಢಿಗತ ಅಪರಾಧಿ’ ಕಾಯ್ದೆ ತಂದವು. ನಮ್ಮದು 1961ರದು. 2011ರಲ್ಲಿ, ಹೌದು, ಮೆಟ್ರೋ ರೈಲು ಓಡಿದ ವರ್ಷ, ನಮ್ಮ ಪೊಲೀಸ್ ಕಾಯ್ದೆಗೆ 36ಎ ಅಂತ ಸೇರಿಸಿ ಹಿಜಡಾಗಳ ರಿಜಿಸ್ಟರ್ ಇಡೋ ಅಧಿಕಾರ ಕೊಟ್ಟರು. ಹೈಕೋರ್ಟಿಗೆ ಹೋದ ಮೇಲೆ ಆ ಪದ ತೆಗೆದರು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಲ್ಲಿ ಇಂಥ ಸಮುದಾಯಗಳ ಬಗ್ಗೆ ಇನ್ನೂ ಏನೇನು ಬರೆದಿಟ್ಟುಕೊಂಡಿದ್ದೀರಿ ಅಂತ ಬಯ್ದಿತು. ಬಿಳಿಯರು ಹೋಗಿ ಎಷ್ಟು ವರ್ಷ ಆಯಿತು ಸ್ವಾಮಿ? ಇನ್ನೂ ಎಷ್ಟು ದಿನ ಅವರ ಹೆಸರು ಹೇಳಿಕೊಂಡು ಕೂರೋದು? ಟೆಂಟಿನಲ್ಲಿರೋ ಮಗು ರಾತ್ರಿ ಜೀಪಿನ ಸದ್ದಿಗೆ ಎದ್ದು ಕೂರುತ್ತಲ್ಲ, ಆ ಜೀಪನ್ನು ಓಡಿಸುತ್ತಿರೋದು ಮೆಕಾಲೆ ಅಲ್ಲ.

ಇಷ್ಟೆಲ್ಲ ಹೇಳಿ ನಾನೇನು ಮಾಡಿದೆ ಅಂತ ಕೇಳಬೇಡಿ. ಹೊಸ ಸಿಮ್ಮಿಗೆ ಠಾಣೆಯ ಚೀಟಿ ಬೇಕಿತ್ತು. ‘ಕಳೆದುಹೋಗಿದೆ’ ಅನ್ನೋದರ ಕೆಳಗೆ ರುಜು ಹಾಕಿದೆ. ರೈಟರ್ ಸೀಲು ಹೊಡೆದು, ಚೀಟಿ ನನ್ನ ಕೈಗಿಟ್ಟು, ನನ್ನ ಪೆನ್ನನ್ನು ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು.

ಚರ ಸ್ವತ್ತು. ‘ಝಡ್’ನ ಸ್ವಾಧೀನದಿಂದ, ‘ಝಡ್’ನ ಒಪ್ಪಿಗೆಯಿಲ್ಲದೆ, ಮೇಜಿನಿಂದ ‘ಎ’ಯ ಜೇಬಿಗೆ ಚಲಿಸಿದೆ. ಈ ಸಲ ನಾನು ಕಣ್ಣಾರೆ ನೋಡಿದ್ದೆ. ಆದರೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಚೀಟಿ ಬರೆದುಕೊಡಿ ಅನ್ನುತ್ತಿದ್ದರು. ಬರೆಯೋಕೆ ಪೆನ್ನಿರಲಿಲ್ಲ.